ನಾನು ಕೊಯ್ದ ಕಿವಿ

‘ಕಿವಿಗುರುತು’ ಎಂಬ ಕಾಮಿಕ್ಸ್ ಪುಸ್ತಕದಲ್ಲಿ ಒಂದು ಮಾತೂ ನನ್ನದಲ್ಲ. ಕೇಳಿದವರಿಗೆ ನಾನೇ ಬರೆದೆ ಎಂದೆ — ನಿಜವಾಗಿ ಬರೆದವಳು ನನ್ನ ಕಾಲ ಬಳಿಯೇ, ಮೇಜಿನ ಹಿಂದೆ ನೆಲದ ಮೇಲೆ ಕೂತು ಪುಸ್ತಕದ ಕಟ್ಟು ಬಿಚ್ಚುತ್ತಿದ್ದಳು. ಇದನ್ನು ಸುತ್ತಿ ಬಳಸಿ, ಮೆತ್ತಗೆ ಹೇಳುವ ದಾರಿಗಳು ಬೇಕಾದಷ್ಟಿವೆ. ಆರು ವರ್ಷ ಅವನ್ನೇ ಹುಡುಕಿದೆ. ಈಗ ನನ್ನ ಮೇಲೇ ನನಗೆ ಹೇಸಿಗೆಯಾಗಿದೆ.

ಅವಳು ಬೀರಮ್ಮ. ಗಡಿಯಾಚೆ, ತೆಲುಗು ರಾಜ್ಯಕ್ಕೆ ಸೇರಿದ ಆಲೂರಿನವಳು, ಕುರಿ ಸಾಕುವ ಮನೆಯ ಮಗಳು. ನಾನು ಅದೇ ಊರಿನ ಕನ್ನಡ ಮೇಷ್ಟರ ಮಗಳು. ಹತ್ತನೆಯ ತರಗತಿಯ ತನಕ ಇಬ್ಬರದೂ ಒಂದೇ ಬೆಂಚು. ಆಮೇಲೆ ಅವಳು ಆದವಾನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಹೋದಳು, ನಾನು ಅಲ್ಲೇ ಒಂದು ಸರ್ಕಾರಿ ಕಚೇರಿ ಸೇರಿದೆ. ಭಾನುವಾರ ಅವಳ ಕೋಣೆಯಲ್ಲಿ ರೊಟ್ಟಿ ತಿಂದು ಕೂರುತ್ತಿದ್ದೆವು. ಅವಳು ಹೇಳುವುದು, ನಾನು ಚಿತ್ರ ಬರೆಯುವುದು. ಒಂದು ಚೌಕ ಎಲ್ಲಿ ಮುಗಿಯಬೇಕೆಂದೂ ಅವಳೇ ಹೇಳುತ್ತಿದ್ದಳು. ಮಾತಿನ ನಡುವೆ ತಟ್ಟನೆ ನಿಲ್ಲಿಸಿ, “ಇಲ್ಲಿ ಗೆರಿ ಹೊಡಿ” ಅನ್ನುತ್ತಿದ್ದಳು. ನಾನು ಹೊಡೆಯುತ್ತಿದ್ದೆ.

ಕಥೆ ಅವಳ ಅಜ್ಜಿಯದು. ನಮ್ಮ ಕಡೆ ಒಂದೊಂದು ಮನೆಯವರು ತಮ್ಮ ಕುರಿಗಳ ಕಿವಿಯನ್ನು ಒಂದೊಂದು ರೀತಿ ಕೊಯ್ದು ಗುರುತು ಮಾಡುತ್ತಾರೆ. ಹಿಂಡುಗಳು ಬೆರೆತರೆ ಅದನ್ನೇ ನೋಡಿ ಬಿಡಿಸಿಕೊಳ್ಳುತ್ತಾರೆ. ಬೀರಮ್ಮನ ಮನೆಯದು ಎಡಗಿವಿಯ ತುದಿಯಲ್ಲಿ ಎರಡು ಸೀಳು. ಒಬ್ಬ ಕಳ್ಳ ಅಜ್ಜಿಯ ಕುರಿಯನ್ನು ಹೊಡೆದುಕೊಂಡು ಹೋಗಿ, ಆ ಸೀಳು ಕಾಣದಂತೆ ಕಿವಿಯನ್ನು ಇನ್ನೂ ಮೇಲಕ್ಕೆ ಕೊಯ್ದು, ತನ್ನದೆಂದ. ಹಿರಿಯರು ಇಬ್ಬರಿಗೂ ಕುರಿಯನ್ನು ಕರೆಯಲು ಹೇಳಿದರು. ಕಳ್ಳ ಕರೆದ, ಅದು ಕದಲಲಿಲ್ಲ. ಅಜ್ಜಿ ಕರೆದಳು, ಓಡಿ ಬಂತು. ಇಷ್ಟೇ ಕಥೆ. ಪ್ರತಿ ಪುಟದ ಮೂಲೆಯಲ್ಲಿ ಎರಡು ಸೀಳಿನ ಒಂದು ಪುಟ್ಟ ಕಿವಿ ಇತ್ತು. ಪುಸ್ತಕದಲ್ಲಿ ಬೀರಮ್ಮ ಕೈಯಾರೆ ಬರೆದ ಚಿತ್ರ ಅದೊಂದೇ. “ನಮ್ಮ ಮನಿ ಗುರ್ತು ಅದು. ನೀ ಬರೀಬ್ಯಾಡ, ನಾನ ಬರೀತೀನಿ” ಅಂದಿದ್ದಳು.

ಆದವಾನಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರ ಹತ್ತಿರ ಪುಸ್ತಕ ಮಾಡಿಸಿದೆವು. ಇಬ್ಬರ ಹೆಸರೂ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ — ಅದೂ ನನ್ನದೇ ಏರ್ಪಾಡು. ಎರಡು ಚೀಲ ತುಂಬಿಕೊಂಡು ರೈಲು ಹತ್ತಿ ಬೆಂಗಳೂರಿನ ಕಾಮಿಕ್ಸ್ ಮೇಳಕ್ಕೆ ಹೋದೆವು. ಅಲ್ಲಿ ಮುಖವಾಡ ತೊಟ್ಟವರು, ನೀಲಿ ಕೂದಲಿನವರು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡವರು. ನಮ್ಮ ಪಾಲಿಗೆ ಅರ್ಧ ಮೇಜು. ಬೀರಮ್ಮ ಅದರ ಮೇಲೆ ಮನೆಯ ಕಂಬಳಿ ಹಾಸಿ, ಪುಸ್ತಕ ಜೋಡಿಸಿ, ಗಟ್ಟಿಯಾಗಿ ಕೂಗಿದಳು: “ಬರ್ರೀ, ನೋಡ್ರೀ! ನೋಡಾಕ ರೊಕ್ಕಿಲ್ರೀ!”

ರೆಕ್ಕೆಯವರೂ ನಕ್ಕರು. ನಾಲ್ಕು ಪುಸ್ತಕ ಹೋದವು ಕೂಡ. ನನಗೆ ಮಾತ್ರ ನಾಚಿಕೆ — ಎಂಥ ನಾಚಿಕೆ, ಯಾರಿಗಾಗಿ? “ಇದು ಸಂತಿ ಅಲ್ಲ. ನೀ ಕೆಳಗ ಕುಂತು ಕಟ್ಟು ಬಿಚ್ಚು” ಎಂದೆ. ಅವಳು ನನ್ನ ಮುಖ ನೋಡಿ, ಕೆಳಗೆ ಕೂತಳು.

ಮಧ್ಯಾಹ್ನಕ್ಕೆ ಮುಂಚೆ ಒಬ್ಬ ಬಂದು ಪುಟ ತಿರುವಿ ನಕ್ಕ. “ಏನ್ರೀ ಇದು, ಕನ್ನಡಾನಾ ತೆಲುಗಾ? ಒಂದ್ಕಡೆ ‘ಐತಿ’, ಇನ್ನೊಂದ್ಕಡೆ ‘ಪರವಾಲೇದು’!”

ನಾನೂ ನಕ್ಕೆ. ಹೌದು, ಅವನ ಜೊತೆ ನಕ್ಕೆ. “ಮಾತು ನನ್ನದಲ್ಲ ಸರ್. ನಮ್ಮೂರ ಹುಡುಗಿಯೊಬ್ಬಳದು. ಚಿತ್ರ ಅಷ್ಟೇ ನನ್ನದು” ಎಂದೆ.

ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ನಾವು ಕನ್ನಡದವರು, ಬೆಂಗಳೂರಿಗೆ ಬಂದರೆ ತೆಲುಗರು. ಆ ಸಿಟ್ಟು ಇವತ್ತಿಗೂ ನನ್ನಲ್ಲಿದೆ, ಅದು ನ್ಯಾಯದ ಸಿಟ್ಟೇ. ಅದನ್ನು ಆ ಮನುಷ್ಯನ ಮುಖಕ್ಕೆ ಎಸೆಯಬೇಕಿತ್ತು. ಹಾಗೆ ಮಾಡದೆ ಕೆಳಗೆ ಕೂತವಳ ತಲೆಗೆ ಕಟ್ಟಿದೆ. ಹುಡುಗಿಯೊಬ್ಬಳಂತೆ! ಹೆಸರು ಕೂಡ ನನ್ನ ಬಾಯಿಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಬಿಳಿ ಕೂದಲಿನ ಹೆಂಗಸೊಬ್ಬರು ಬಂದರು, ಪುಸ್ತಕ ಪ್ರಕಟಿಸುವವರು. ನಿಂತಲ್ಲೇ ಕೊನೆಯ ಚಿತ್ರದ ತನಕ ಓದಿ, ಮತ್ತೆ ಮೊದಲ ಪುಟಕ್ಕೆ ಹೋದರು. ಅವರ ಕಣ್ಣು ತೇವವಾಗಿತ್ತು.

“ಎಷ್ಟು ಜೀವಂತ ಮಾತು! ಯಾರು ಬರೆದದ್ದು?”

“ನಾನೇ.”

“ಮೂಲೆಯಲ್ಲಿ ಈ ಕಿವಿ?”

“ಅದು ನನ್ನ ಸಹಿ.”

ಕೆಳಗೆ ದಾರ ಎಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಬೆಳಗ್ಗೆ ನಕ್ಕಾಗ ಆ ಮಾತು ಅವಳದು, ಸಂಜೆ ಹೊಗಳಿದಾಗ ನನ್ನದು — ಒಂದೇ ದಿನದಲ್ಲಿ, ಒಂದೇ ಬಾಯಲ್ಲಿ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಬಾಯಿ ತಪ್ಪಿ ಬಂದ ಮಾತು ಎನ್ನುವಿರಾ? ತಿದ್ದಲು ಆ ಹೆಂಗಸು ಇನ್ನೂ ಅಲ್ಲೇ ನಿಂತಿದ್ದರು. ಮುಂದೆ ಅವರೇ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದಾಗ, ಹೊದಿಕೆಯ ಮೇಲೆ ನನ್ನ ಹೆಸರೊಂದನ್ನೇ ಕೊಟ್ಟೆ. ಕೊನೆಯ ಪುಟ ಬೇಡವೆಂದು ಬರೆದು ಕಳಿಸಿದ್ದೂ ನಾನೇ. ಅದೂ ಬಾಯಿ ತಪ್ಪಿಯೇ?

ಮೇಳ ಮುಗಿಸಿ ಹಿಂದಿರುಗುವಾಗ ಬೀರಮ್ಮ ಜಗಳವಾಡಲಿಲ್ಲ. ಆಡಬೇಕಿತ್ತು! ರೈಲಿನ ತುಂಬ ಕೇಳುವಂತೆ ಬೈದು, ನನ್ನ ಕೂದಲು ಹಿಡಿದು ಎಳೆದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಆದವಾನಿ ಸ್ಟೇಷನ್ನಿನಲ್ಲಿ ಇಳಿದು, ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಇಷ್ಟೇ ಹೇಳಿದಳು: “ನಮ್ಮಜ್ಜಿ ಕುರಿ ಕದ್ದಾವ ಹೊರಗಿನಾವ ಇದ್ದ. ಅಷ್ಟ ಫರಕು ನೋಡು.”

ಆಮೇಲೆ ಭಾನುವಾರಗಳಿಲ್ಲ. ಎರಡನೆಯ ಪುಸ್ತಕ ಕೊಡಿ ಎಂದು ಆ ಪ್ರಕಾಶಕಿ ಕೇಳುತ್ತಲೇ ಇದ್ದಾರೆ. ಕಾಗದದ ಮುಂದೆ ಕೂರುತ್ತೇನೆ. ಎಲ್ಲಿ ಗೆರೆ ಹೊಡೆಯಬೇಕೋ ನನಗೆ ಗೊತ್ತಾಗುವುದಿಲ್ಲ.

ಹೋದ ತಿಂಗಳು ಅವರಿಗೆ ಎಲ್ಲವನ್ನೂ ಬರೆದು ತಿಳಿಸಿದೆ. ಮುಂದಿನ ಅಚ್ಚಿನಲ್ಲಿ ಬೀರಮ್ಮನ ಹೆಸರು ಮೊದಲು ಬರಬೇಕು, ಇಲ್ಲವಾದರೆ ಪುಸ್ತಕವೇ ಬೇಡ ಎಂದೆ. ಆ ಪತ್ರದ ಪ್ರತಿ ಹಿಡಿದು ಮಾಧವರಂ ಊರಿಗೆ ಹೋದೆ. ಅವಳನ್ನು ಕೊಟ್ಟಿರುವುದು ಅಲ್ಲಿಗೆ. ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಕೈ ಒರೆಸಿಕೊಂಡು, ನಿಂತೇ ಓದಿದಳು. ಮಡಚಿ ನನ್ನ ಕೈಗೇ ಕೊಟ್ಟಳು.

“ಹೆಸರು ಹಾಕಸ್ತೀ? ಸರೇ, ಹಾಕಸು. ಕೊಯ್ದ ಕಿವಿ ಮತ್ತ ಬೆಳಿತೈತೇನು?”

ಒಳಗೆ ಬಾ ಎನ್ನಲಿಲ್ಲ. ಸೊಪ್ಪಿನ ಕಟ್ಟು ಎತ್ತಿಕೊಂಡು ಹಿತ್ತಲ ಕಡೆಗೆ ನಡೆದಳು, ಮರಿಗಳೆಲ್ಲ ಅವಳ ಹಿಂದೆಯೇ ಹೋದವು. “ಬೀರಮ್ಮಾ” ಎಂದು ಕರೆದೆ. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕರೆದೆ.

ಅವಳು ತಿರುಗಿ ನೋಡಲಿಲ್ಲ.