ಯಲಬುರ್ಗಾ ಸೀಮೆಯ ಶಾಲೆಗೆ ಎರಡನೇ ದಾರಿ

ಕೊಪ್ಪಳದಲ್ಲಿ ಬೆಳಗಿನ ಯಲಬುರ್ಗಾ ಬಸ್ಸು ಹತ್ತಿದೆ. ಆಧಾರ್ ತೋರಿಸಿ, ಹೆಂಗಸರ ಉಚಿತ ಟಿಕೆಟ್ ಪಡೆದು ಕಿಟಕಿಯ ಪಕ್ಕ ಕುಳಿತೆ. ಶಾಲೆಗಳಲ್ಲಿ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಬೆಂಕಿ, ನೆರೆ, ಭೂಕಂಪದಂಥ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಕರೆತರಲು ಪ್ರತಿ ಶಾಲೆಯೂ ಯೋಜನೆ ಮಾಡಿಕೊಂಡು, ಅಣಕು ಕವಾಯತು ನಡೆಸಬೇಕೆಂಬುದು ಸರ್ಕಾರದ ನೀತಿ. ಹಿಂದಿನ ದಿನ ಮಳೆಯಾಗಿತ್ತು. ಎರೆಹೊಲಗಳು ಮಿರಮಿರ ಹೊಳೆಯುತ್ತಿದ್ದವು.

ಯಲಬುರ್ಗಾದಲ್ಲಿ ಬಿಸಿ ಮಿರ್ಚಿ, ಮಂಡಾಳ ಒಗ್ಗರಣೆ ತಿಂದು ಟಂಟಂ ಆಟೋ ಹಿಡಿದೆ. ಹಳ್ಳಿಯ ಶಾಲೆಯಲ್ಲಿ ಮುಖ್ಯ ಶಿಕ್ಷಕಿ ಗಂಗಮ್ಮ ಅಕ್ಕೋರು ನನ್ನನ್ನು ನೇರವಾಗಿ ಗೇಟಿನ ಬಳಿಗೇ ಕರೆದೊಯ್ದರು. ಇಡೀ ಶಾಲೆಗೆ ಅದೊಂದೇ ಗೇಟು. ಅದಕ್ಕೆ ಅಂಟಿಕೊಂಡೇ ಅಡುಗೆಕೋಣೆ.

"ಗ್ಯಾಸಿಗೆ ಬೆಂಕಿ ಹತ್ತಿದ್ರ ಹುಡುಗರು ಎತ್ತಾಗ ಹೋಗಬೇಕ್ರಿ? ಹಿಂದಿನ ಗ್ವಾಡಿಗೊಂದು ಬಾಗಲಾ ಇಡಸ್ರಿ ಅಂತ ಹೇಳಿ ಹೇಳಿ ಸಾಕಾಗೇತಿ."

ಶಾಲಾ ಸಮಿತಿಯ ಅಧ್ಯಕ್ಷ ಶರಣಪ್ಪನವರು ಅಲ್ಲೇ ನಿಂತಿದ್ದರು. "ಈ ಗ್ವಾಡಿ ಕಟ್ಟಸಾಕ ಎಷ್ಟು ಮಂದಿ ಕಾಲು ಹಿಡದೀನಿ ಗೊತ್ತೇನ್ರಿ ಮೇಡಂ? ಈಗ ಒಡೀರಿ ಅಂದ್ರ ಹೆಂಗ್ರಿ?"

"ಮೊದಲು ಕವಾಯತು ನೋಡೂಣ್ರಿ, ಆಮ್ಯಾಲ ಮಾತಾಡೂಣು," ಎಂದೆ.

ಅಡುಗೆಕೋಣೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಗಂಟೆ ಬಾರಿಸಿದೆವು. ಮಕ್ಕಳು ಪಾಟಿಚೀಲ ಅಲ್ಲೇ ಬಿಟ್ಟು ಸಾಲಾಗಿ ಬಂದರು. ನಾನು ಗೇಟಿಗೆ ಅಡ್ಡ ನಿಂತು, "ಇಲ್ಲಿ ಬೆಂಕಿ ಐತಿ, ಬರಬ್ಯಾಡ್ರಿ!" ಎಂದು ಕೂಗಿದೆ. ಸಾಲು ಹಿಂದಿರುಗಿ ಹಿತ್ತಲಿನ ಗೋಡೆಯ ತನಕ ಓಡಿ ನಿಂತಿತು. ಎಲ್ಲರಿಗಿಂತ ಮುಂದಿದ್ದವಳು ಶರಣಪ್ಪನವರ ಮೊಮ್ಮಗಳು ಸಾವಿತ್ರಿ. ಗೋಡೆಯನ್ನೊಮ್ಮೆ ತುದಿಯ ತನಕ ನೋಡಿ, ತಿರುಗಿ ಕೂಗಿದಳು:

"ಮುತ್ಯಾ, ಈಗ ಎಲ್ಲಿಂದ ಹೋಗೋದು?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವರಿಗದು ಆಟ. ಶರಣಪ್ಪನವರು ನಗಲಿಲ್ಲ. ಮೊಮ್ಮಗಳನ್ನೂ ಗೋಡೆಯನ್ನೂ ನೋಡುತ್ತ ನಿಂತರು. ಆಮೇಲೆ ಸರಸರನೆ ಗೇಟು ದಾಟಿ ಹೊರಟುಹೋದರು. ಸಿಟ್ಟಾದರೇನೋ ಎಂದು ನನಗೂ ಅಕ್ಕೋರಿಗೂ ಕಳವಳ.

ನಾವು ಮಕ್ಕಳೊಂದಿಗೆ ಬಿಸಿಯೂಟಕ್ಕೆ ಕೂತಾಗ ಅವರು ಮರಳಿ ಬಂದರು. ಹೆಗಲ ಮೇಲೆ ಕಬ್ಬಿಣದ ಹಾರೆ, ಹಿಂದೆ ಗೋಡೆ ಕಟ್ಟುವ ಗೌಂಡಿ, ಸಮಿತಿಯವರು. "ಅಕ್ಕೋರ, ಹುಡುಗರನ್ನ ದೂರ ಕುಂದರಸ್ರಿ," ಎಂದವರೇ ಹಿತ್ತಲಿನ ಗೋಡೆಗೆ ಮೊದಲ ಏಟನ್ನು ತಾವೇ ಹಾಕಿದರು.

ಸಂಜೆಯೊಳಗೆ ಚಕ್ಕಡಿ ಹಾಯುವಷ್ಟು ದಾರಿಯಾಯಿತು. ಗೌಂಡಿ ನೆಲ ಹಸನು ಮಾಡಿದ ಮೇಲೆ ಮತ್ತೆ ಗಂಟೆ ಬಾರಿಸಿದೆವು. ಮಕ್ಕಳು ಸಾಲು ತಪ್ಪದೆ ಹಾಯ್ದು ಬಯಲಿಗೆ ಬಂದು ಕೇಕೆ ಹಾಕಿದರು. ಗಂಗಮ್ಮ ಅಕ್ಕೋರು ಸೆರಗು ಸಿಕ್ಕಿಸಿ ಅವರ ಹಿಂದೆ ಓಡಿದರು. ಮೀಸೆಗೆಲ್ಲ ಸುಣ್ಣದ ಧೂಳು ಮೆತ್ತಿಕೊಂಡಿದ್ದ ಶರಣಪ್ಪನವರು, "ಭಾಳ ಛಲೋ ಆತ್ ನೋಡ್ರಿ. ಗೇಟ್ ನಾಳೆ ಕೂಡಸ್ತೀವಿ," ಎಂದರು.

ಟಂಟಂ ಊರು ಬಿಡುವಾಗ ತಿರುಗಿ ನೋಡಿದೆ. ಶಾಲೆ ಬಿಟ್ಟಿತ್ತು. ಹಳೆಯ ಗೇಟಿನತ್ತ ಒಬ್ಬರೂ ಸುಳಿಯಲಿಲ್ಲ. ಅದರೆದುರೇ ಮನೆಯಿದ್ದ ಮಕ್ಕಳು ಕೂಡ ಹಿಂದಿನ ಹೊಸ ದಾರಿಯಿಂದ ಹಾಯ್ದು, ಇಡೀ ಶಾಲೆಯನ್ನು ಸುತ್ತು ಹಾಕಿ, ಕುಣಿಯುತ್ತ ಮನೆಗೆ ಹೋಗುತ್ತಿದ್ದರು.