ಬಾಗಿಲು ಒದೆಯುವವಳು

ಇವತ್ತು ಮೊಬೈಲಿನಲ್ಲಿ ಅಮೆರಿಕದ ಆ ಕಪ್ಪು ನಟಿ ಕಂಡಳು. ಗಂಡಸರದ್ದೇ ಆಗಿದ್ದ ಹೊಡೆದಾಟದ ಸಿನಿಮಾಗಳಲ್ಲಿ ನಾಯಕಿಯಾದ ಮೊದಲಿಗರಲ್ಲಿ ಒಬ್ಬಳು. ಈಗ ಅಜ್ಜಿ. ಬಿಸಿಯಾದ ವಿಸಿಆರ್‌ನ ವಾಸನೆ ಮೂಗಿಗೆ ಬಂದಂತಾಯಿತು.

ಚಿಕ್ಕಂದಿನಲ್ಲಿ, ಗಲ್ಫಿನ ಸಹಮ್ ಪಟ್ಟಣದಲ್ಲಿ ಅಪ್ಪನ ಅಂಗಡಿಯ ಮೇಲೆಯೇ ನಮ್ಮ ಮನೆ. ಅಪ್ಪ ಕೆಳಗಿಳಿಯುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. "ಹೊರಗೆ ಏನು ಕೆಲಸ ಉಂಟು ನಿಂಗೆ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ವಿಸಿಆರ್‌ಗೆ ಕ್ಯಾಸೆಟ್ ಹಾಕುತ್ತಿದ್ದಳು. ಆ ನಟಿ ತನ್ನನ್ನು ಕೂಡಿಹಾಕಿದ ಕೋಣೆಯ ಬಾಗಿಲನ್ನು ಒದ್ದು ಮುರಿಯುವುದನ್ನು ಟೇಪು ಸವೆಯುವಷ್ಟು ಸಲ ನೋಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದೇ ದೇಶದ ಸೂರ್ ಪಟ್ಟಣದಲ್ಲಿ ನನ್ನ ಜೊತೆಗಿದ್ದಾಳೆ. ಮೊಬೈಲು ತೋರಿಸಿದೆ. "ಬಾಗಿಲು ಒದೆಯುವವಳಲ್ವಾ?" ಎಂದು ನಕ್ಕಳು. ನಾನು ಆಫೀಸಿಗೆ ಹೊರಟಾಗ ಎಂದಿನಂತೆ ಹೇಳಿದಳು: "ಹೊರಗಿನಿಂದ ಬೀಗ ಹಾಕು ಮಗಾ. ಇಲ್ಲದಿದ್ರೆ ನಂಗೆ ಹೆದರಿಕೆ ಆಗ್ತದೆ."

ಹಾಕಿ ಬಂದೆ.