ಖರಾಟ್ಸ ಗಿಡದ ಕಾವಲಿಗೆ ನಿಂತ ಮಾಲಿನೇಯೊ

ಮದುವೆಯಾಗಿ ಹಾ ಸೆಖೇಲೆ ಎಂಬ ಊರಿಗೆ ಬಂದ ದಿನವೇ ಅತ್ತೆ ಅವಳಿಗೆ ಮಾಲಿನೇಯೊ, ಅಂದರೆ ಲಿನೇಯೊಳ ತಾಯಿ, ಎಂದು ಹೆಸರಿಟ್ಟಳು. ಹುಟ್ಟಲಿರುವ ಮಗುವಿನ ಹೆಸರಿನಿಂದಲೇ ಸೊಸೆಯನ್ನು ಕರೆಯುವುದು ಅಲ್ಲಿನ ರೂಢಿ. ಆದರೆ ಲಿನೇಯೊ ಹುಟ್ಟಿದ್ದು ಆರು ವರ್ಷದ ಮೇಲೆ. ಅಲ್ಲಿಯತನಕ ಊರವರ ಕೊಂಕು ಕೇಳಲಾಗದೆ ಅವಳು ಸೌದೆಯ ನೆಪ ಮಾಡಿ ಬೆಟ್ಟ ಹತ್ತುತ್ತಿದ್ದಳು. ಬಂಡೆಯ ಸಂದಿಯಲ್ಲಿ ಲೋಳೆಸರದ ಜಾತಿಯ, ಅಂಗೈಯಗಲದ ಖರಾಟ್ಸ ಗಿಡ ಕಂಡದ್ದು ಆಗಲೇ. ದಪ್ಪ ಎಲೆ, ತುದಿಗೆ ಮುಳ್ಳು, ಬೆಳೆಯಲು ಅವಸರವೇ ಇಲ್ಲ. "ನೀನೂ ನನ್ನ ಹಾಗೇ ನಿಧಾನ ಕಣೇ" ಎಂದು ಅದರೊಡನೆ ಮಾತಾಡಿ ಬರುತ್ತಿದ್ದಳು.

ಈಗ ಲಿನೇಯೊಗೇ ಮದುವೆಯಾಗಿದೆ. ಗಿಡ ಮೊರದಗಲವಾಗಿ, ಎಲೆಗಳು ಸುರುಳಿ ಸುತ್ತಿಕೊಂಡು, ಈ ವಸಂತದಲ್ಲಿ ಮೊದಲ ಸಲ ಹೂದಂಟು ಎದ್ದಿತ್ತು. ಕಿತ್ತು ದಾರಿಬದಿ ಮಾರುವವರ ದೆಸೆಯಿಂದ ಇಡೀ ಇಳಿಜಾರಿನಲ್ಲಿ ಉಳಿದದ್ದೇ ಹನ್ನೊಂದು ಗಿಡ. ಬೀಜ ಉದುರಿದರಷ್ಟೇ ಸಂತಾನ. ಮಾಲಿನೇಯೊ ಊರ ಮುಖ್ಯಸ್ಥನ ತಲೆ ತಿಂದು ಇಳಿಜಾರಿನ ಸುತ್ತಲೂ ಗಡಿಯ ಗುರುತಿಗೆ ಕಲ್ಲುಗುಪ್ಪೆ ಹಾಕಿಸಿದಳು. ಗುಪ್ಪೆ ದಾಟಿದ ಪ್ರಾಣಿ ಯಾರದಾದರೂ ಮುಖ್ಯಸ್ಥನ ದೊಡ್ಡಿಗೆ ಹೋಗಬೇಕು.

"ಮುಳ್ಳುಗಿಡಕ್ಕೊಂದು ಕೋಟೆ! ನನ್ ಮೇಕೆ ಗಾಳಿ ತಿನ್ಬೇಕಾ?" ಎಂದು ನೆರೆಮನೆಯ ಖೋಜಾನೆ ರೇಗಿದ. ಅವನ ಮೇಕೆಗಳಿಗೆ ಆ ಇಳಿಜಾರು ತವರುಮನೆ.

ಗುಪ್ಪೆ ಎದ್ದ ಖುಷಿಗೆ ಮಾಲಿನೇಯೊ ಜೋಳದ ಹೆಂಡ ಮಾಡಿ, ಹೆಂಡ ಸಿದ್ಧವಿದೆ ಎಂಬ ಗುರುತಿಗೆ ಅಂಗಳದಲ್ಲಿ ಬಿಳಿ ಬಾವುಟ ಏರಿಸಿದಳು. ಬಾವುಟ ಕಂಡ ಮೇಲೆ ಕೇಳಬೇಕೆ? ಊರಿಗೆ ಊರೇ ಬಂತು, ಬೆಟ್ಟ ಕಾಯಲು ಮುಖ್ಯಸ್ಥ ನೇಮಿಸಿದ್ದ ಕಾವಲುಗಾರನೂ ಬಂದ. ಗಂಡ ತ್ಲಾಲಿ, ಮನೆಗೆ ನೀರು ಹೊರುವ ಕತ್ತೆಯನ್ನು ಕಟ್ಟುವುದನ್ನೇ ಮರೆತ. ಸಂಜೆ ಅವಳು ಬೆಟ್ಟ ಹತ್ತಿ ನೋಡಿದರೆ, ಕತ್ತೆ ಹೂದಂಟನ್ನು ಬುಡದತನಕ ಮೇಯ್ದು ನಿಂತಿತ್ತು.

ಅವಳು ಬಂಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಿಡ ಉಳಿದಿತ್ತು, ಈ ವರ್ಷದ ಬೀಜ ಹೋಗಿತ್ತು. ತಾನೇ ಏರಿಸಿದ ಬಾವುಟವಲ್ಲವೆ, ಬೈಯುವುದಾದರೂ ಯಾರನ್ನು? ಕಣ್ಣೊರೆಸಿಕೊಂಡು ಕತ್ತೆಯನ್ನು ಹೊಡೆದುಕೊಂಡು ದೊಡ್ಡಿಯ ದಾರಿ ಹಿಡಿದಳು.

"ಲಿನೇಯೊ ಅವ್ವಾ, ಅದು ನಮ್ದೇ ಕಣೇ!" ತ್ಲಾಲಿ ಓಡಿಬಂದ. "ಯಾರೂ ನೋಡಿಲ್ಲ, ಸುಮ್ನಿರು."

"ನಾನ್ ನೋಡಿದೀನಲ್ಲ. ಅದು ಬರೋ ತನಕ ನೀರು ನೀವೇ ಹೊರಿ, ಲಿನೇಯೊ ಅಪ್ಪಾ."

"ನಮ್ ದೊಡ್ಡಿಗೆ ಮೊದಲ ನೆಂಟರು ನಿಮ್ ಮನೆಯವರೇ ಆದ್ರಲ್ಲವ್ವಾ!" ಎಂದು ದೊಡ್ಡಿಯ ಬಾಗಿಲಲ್ಲಿ ಮುಖ್ಯಸ್ಥ ನಕ್ಕ.

"ನೆಂಟರಿಗೆ ಹುಲ್ಲು ಕಮ್ಮಿ ಹಾಕಿ, ಊಟ ಮುಗಿಸ್ಕೊಂಡೇ ಬಂದಿದಾರೆ."

ಮರುದಿನ ಬೆಳಿಗ್ಗೆ ಅವಳು ಬೆಟ್ಟದಲ್ಲಿ ಕತ್ತೆ ಕೆಡವಿದ ಗುಪ್ಪೆಯನ್ನು ಸರಿಪಡಿಸುತ್ತಿದ್ದಳು. ಕೆಳಗೆ ತ್ಲಾಲಿ ನೀರು ಹೊತ್ತು ಏದುಸಿರು ಬಿಡುತ್ತಿದ್ದ. ಖೋಜಾನೆಯ ಮೇಕೆಗಳು ರೂಢಿಯಂತೆ ಇಳಿಜಾರಿನತ್ತ ತಿರುಗಿದವು. ಅವನು ಕೂಗಾಡಿ, ಅಡ್ಡ ಓಡಿ, ಒಂದೊಂದನ್ನೂ ಹಿಂದಕ್ಕಟ್ಟಿದ.

"ಏನೋ ಖೋಜಾನೆ, ಬರೀ ಮುಳ್ಳುಗಿಡ ಅಂದಿದ್ದೆ?" ತ್ಲಾಲಿ ಕೆಣಕಿದ.

"ಸ್ವಂತ ಕತ್ತೇನೇ ಒಳಗ್ ಹಾಕ್ದೋಳು ನನ್ ಮೇಕೆ ಬಿಡ್ತಾಳೇನೋ, ಮಾರಾಯಾ!"